ಮಜ್ದಾ ಕಾಸ್ಮೊ ಸ್ಪೋರ್ಟ್ ಮತ್ತು ಮೂರು ತುದಿಗಳ ಸಮಸ್ಯೆ

ಜಪಾನಿನ ಸ್ಪೋರ್ಟ್ಸ್ ಕಾರುಗಳ ಮಾತು ಬಂದಾಗ ಹೆಚ್ಚಿನವರು ಸ್ಕೈಲೈನ್ ಅಥವಾ ಸುಪ್ರಾವನ್ನು ನೆನೆಯುತ್ತಾರೆ. ನನ್ನ ಮನಸ್ಸು ಹೋಗುವುದು 1967ರ ಮೇ 30ರಂದು ಮಾರುಕಟ್ಟೆಗೆ ಬಂದ ಮಜ್ದಾ ಕಾಸ್ಮೊ ಸ್ಪೋರ್ಟ್ ಕಡೆಗೆ. ಪಿಸ್ಟನ್‌ಗಳ ಬದಲು ತಿರುಗುವ ಎರಡು ರೋಟರ್‌ಗಳಿರುವ ಎಂಜಿನ್ ಹೊತ್ತು ಮಾರಾಟಕ್ಕೆ ಬಂದ ಜಗತ್ತಿನ ಮೊದಲ ಕಾರು ಇದು. ಆ ಎಂಜಿನ್ನಿನ ಒಂದು ಸಣ್ಣ ಭಾಗಕ್ಕಾಗಿ ಹಿರೋಷಿಮಾದ ಎಂಜಿನಿಯರುಗಳು ವರ್ಷಗಟ್ಟಲೆ ಪಟ್ಟ ಪಾಡನ್ನು ತಿಳಿದ ಮೇಲೆ ಈ ಕಾರಿನ ಬಗ್ಗೆ ನನ್ನ ಗೌರವ ಇಮ್ಮಡಿಯಾಯಿತು.

ಮಜ್ದಾ ಕಾರುಗಳನ್ನು ತಯಾರಿಸುತ್ತಿದ್ದ ಟೊಯೊ ಕೊಗ್ಯೊ ಕಂಪನಿ 1920ರಲ್ಲಿ ಬಿರಡೆಯ ಕಾರ್ಖಾನೆಯಾಗಿ ಆರಂಭವಾಗಿ, ಮುಂದೆ ಮೂರು ಚಕ್ರದ ಟ್ರಕ್ಕುಗಳಿಂದ ಹೆಸರು ಮಾಡಿತ್ತು. 1960ರ ಸುಮಾರಿಗೆ ಜಪಾನ್ ಸರ್ಕಾರ ಕಾರು ತಯಾರಕರನ್ನು ಕೆಲವೇ ದೊಡ್ಡ ಗುಂಪುಗಳಾಗಿ ಒಗ್ಗೂಡಿಸಲು ಯೋಚಿಸುತ್ತಿದ್ದಾಗ, ಬೇರೆ ಯಾರ ಬಳಿಯೂ ಇಲ್ಲದ ತಂತ್ರಜ್ಞಾನವೊಂದು ತಮ್ಮಲ್ಲಿದ್ದರೆ ಮಾತ್ರ ಕಂಪನಿ ಸ್ವತಂತ್ರವಾಗಿ ಉಳಿಯುತ್ತದೆ ಎಂದು ಅಧ್ಯಕ್ಷ ತ್ಸುನೆಜಿ ಮತ್ಸುದಾ ಅರಿತರು. ಜರ್ಮನಿಯ ಎನ್‌ಎಸ್‌ಯು ಕಂಪನಿಗೆ ಹೋಗಿ, ಫೆಲಿಕ್ಸ್ ವಾಂಕೆಲ್ ರೂಪಿಸಿದ ರೋಟರಿ ಎಂಜಿನ್ನಿನ ಪರವಾನಗಿಗೆ ಒಪ್ಪಂದ ಮಾಡಿಕೊಂಡರು. 1963ರಲ್ಲಿ ಕೆನಿಚಿ ಯಮಾಮೊಟೊ ಅವರ ನೇತೃತ್ವದಲ್ಲಿ 47 ಎಂಜಿನಿಯರುಗಳ ಸಂಶೋಧನಾ ವಿಭಾಗ ಕೆಲಸಕ್ಕೆ ತೊಡಗಿತು.

ಈ ಎಂಜಿನ್ನಿನಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇರುವುದಿಲ್ಲ. ನಡು ಕಿರಿದಾದ ಅಂಡಾಕಾರದ ಕೋಣೆಯೊಳಗೆ ಉಬ್ಬಿದ ಬದಿಗಳ ತ್ರಿಕೋನ ರೋಟರ್ ತಿರುಗುತ್ತದೆ; ಅದರ ಮೂರು ತುದಿಗಳೂ ಸದಾ ಗೋಡೆಗೆ ಒತ್ತಿಕೊಂಡಿದ್ದರೆ ಮಾತ್ರ ಅನಿಲದ ಒತ್ತಡ ಸೋರದೆ ಉಳಿಯುತ್ತದೆ. ಅದಕ್ಕಾಗಿ ಪ್ರತಿ ತುದಿಯಲ್ಲೂ ಒಂದೊಂದು ಸೀಲ್ ಇದೆ. ಆರಂಭದ ಎಂಜಿನ್ನುಗಳಲ್ಲಿ ಈ ಲೋಹದ ಸೀಲ್‌ಗಳು ಗೋಡೆಯ ಮೇಲೆ ನಯವಾಗಿ ಜಾರುವ ಬದಲು ಕಂಪಿಸುತ್ತಾ ಪುಟಿಯುತ್ತಿದ್ದುದರಿಂದ ಕ್ರೋಮ್ ಲೇಪನದಲ್ಲಿ ಸಾಲುಸಾಲು ಗೀರುಗಳು ಮೂಡಿ ಎಂಜಿನ್ ಬೇಗನೆ ಹಾಳಾಗುತ್ತಿತ್ತು. ತಂಡದವರು ಅವನ್ನು ದೆವ್ವದ ಉಗುರಿನ ಗುರುತುಗಳೆಂದೇ ಕರೆದರು.

ಇಲ್ಲಿ ಅವರು ಯೋಚಿಸಿದ ಬಗೆ ನನಗೆ ಬಹಳ ಹಿಡಿಸುತ್ತದೆ. ಲೋಹವನ್ನು ಇನ್ನಷ್ಟು ಗಟ್ಟಿ ಮಾಡುವುದೊಂದೇ ದಾರಿಯೆಂದು ಕೂರದೆ, ದೋಷ ಸೀಲ್‌ನ ಸಹಜ ಕಂಪನದಲ್ಲಿದೆ ಎಂದು ಗುರುತಿಸಿದರು. ಸೀಲ್‌ನೊಳಗೆ ಅಡ್ಡಲಾಗಿಯೂ ಉದ್ದಕ್ಕೂ ರಂಧ್ರ ಕೊರೆದು ಕಂಪನದ ಆವರ್ತನ ಬದಲಿಸಿದಾಗ ಗೀರುಗಳು ಮಾಯವಾದವು. ಕಾರಿಗೆ ಕೊನೆಗೆ ಆಯ್ದುಕೊಂಡದ್ದು ನಿಪ್ಪಾನ್ ಕಾರ್ಬನ್ ಕಂಪನಿಯೊಂದಿಗೆ ಸೇರಿ ರೂಪಿಸಿದ, ಅಲ್ಯುಮಿನಿಯಂ ತುಂಬಿದ ಕಾರ್ಬನ್ ಸೀಲ್ ಅನ್ನು. ದಹನ ಕೋಣೆಗೆ ಎಣ್ಣೆ ನುಗ್ಗಿ ಬಿಳಿ ಹೊಗೆ ಏಳುತ್ತಿದ್ದ ತೊಂದರೆಯನ್ನೂ ಹೊಸ ಎಣ್ಣೆ ಸೀಲ್‌ಗಳಿಂದ ನೀಗಿಸಿದರು. ಕಡಿಮೆ ವೇಗದಲ್ಲೂ ಓಟ ನಯವಾಗಿರಲೆಂದು ಗಾಳಿ ಒಳಬರುವ ದ್ವಾರಗಳನ್ನು ಪಕ್ಕದ ಗೋಡೆಗಳಲ್ಲಿಟ್ಟರು.

ಒಂದೊಂದೂ 491 ಸಿಸಿಯ ಎರಡು ಕೋಣೆಗಳ ಆ ಎಂಜಿನ್ 110 ಅಶ್ವಶಕ್ತಿ ನೀಡುತ್ತಿತ್ತು. 1968ರ ಎರಡನೆಯ ಆವೃತ್ತಿಯಲ್ಲಿ ಅದು 128ಕ್ಕೇರಿತು. ಕಾರಿನ ತೂಕ ಸುಮಾರು 940 ಕೆಜಿ. ಎಂಜಿನ್ ಪುಟ್ಟದಾಗಿದ್ದುದರಿಂದಲೇ ಮೂತಿ ಅಷ್ಟು ತಗ್ಗಾಗಿ, ದೇಹ ಅಷ್ಟು ನೀಳವಾಗಿ ಬರಲು ಸಾಧ್ಯವಾಯಿತು. ಬಹುಪಾಲು ಕೈಕೆಲಸದಿಂದಲೇ ಸಿದ್ಧವಾಗುತ್ತಿದ್ದ ಈ ಕಾರು 1972ರವರೆಗೆ ತಯಾರಾದದ್ದು ಒಟ್ಟು 1,176 ಮಾತ್ರ.

ಪರವಾನಗಿ ಕೊಟ್ಟ ಎನ್‌ಎಸ್‌ಯು ಕೂಡ 1967ರಲ್ಲೇ ಎರಡು ರೋಟರ್‌ಗಳ ಆರ್‌ಓ 80 ಕಾರನ್ನು ಹೊರತಂದಿತು. ಆದರೆ ಸೀಲ್‌ಗಳು ಸವೆದು, ಖಾತರಿ ಅವಧಿಯಲ್ಲಿ ಎಂಜಿನ್ನುಗಳನ್ನು ಬದಲಿಸಿಕೊಡುತ್ತಲೇ ಆ ಕಂಪನಿ ಬಸವಳಿಯಿತು. 1969ರಲ್ಲಿ ಅದು ಫೋಕ್ಸ್‌ವ್ಯಾಗನ್ ಬಳಗಕ್ಕೆ ಸೇರಿತು.

ಕಾಸ್ಮೊ ತನ್ನ ಬಾಳಿಕೆಯನ್ನು ತೋರಿಸಿದ್ದು 1968ರ ಆಗಸ್ಟಿನಲ್ಲಿ, ಜರ್ಮನಿಯ ನೂರ್ಬರ್ಗ್‌ರಿಂಗ್‌ನಲ್ಲಿ ನಡೆದ 84 ಗಂಟೆಗಳ ಮ್ಯಾರಥಾನ್ ಓಟದಲ್ಲಿ. ಸ್ಪರ್ಧಿಸಿದ ಎರಡು ಕಾರುಗಳಲ್ಲಿ ಒಂದು 82ನೆಯ ಗಂಟೆಯಲ್ಲಿ ಹಿಂದಿನ ಆಕ್ಸಲ್ ಮುರಿದು ನಿಂತಿತು. ಅದರ ಎಂಜಿನ್ ಸುಸ್ಥಿತಿಯಲ್ಲೇ ಇತ್ತು. ಇನ್ನೊಂದು ನಾಲ್ಕನೆಯ ಸ್ಥಾನ ಪಡೆಯಿತು. ಅದೇ ವರ್ಷ ಮಜ್ದಾ ಈ ರೋಟರಿ ಎಂಜಿನ್ನನ್ನು ಅಗ್ಗದ ಫ್ಯಾಮಿಲಿಯಾ ಕೂಪೆಗೂ ಅಳವಡಿಸಿ, ಸಾಮಾನ್ಯ ಗ್ರಾಹಕರಿಗೆ ಮಾರತೊಡಗಿತು.