ಕುಂಬಾರನೋ, ಜೇಡವೋ

ನಿನ್ನೆ ರಾತ್ರಿ ಆಂಡ್ರೊಮಿಡಾ ಗ್ಯಾಲಕ್ಸಿಯನ್ನು ನೋಡಿದೆ. ಬರಿಗಣ್ಣಿಗೆ ಮಸುಕಾದ ಒಂದು ಮಚ್ಚೆ, ಅಷ್ಟೆ. ಆ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷಗಳಾಗಿವೆ!

ದೇವರು ಮಡಕೆ ಮಾಡಿಟ್ಟು ದೂರ ನಿಂತ ಕುಂಬಾರ ಎಂಬ ಮಾತು ಆ ಕ್ಷಣದಲ್ಲಿ ನನಗೆ ಒಗ್ಗಲಿಲ್ಲ. ಮುಂಡಕೋಪನಿಷತ್ತಿನ ಜೇಡವೇ ಹತ್ತಿರವೆನಿಸಿತು. ಎಳೆಯನ್ನು ತನ್ನೊಳಗಿನಿಂದಲೇ ತೆಗೆಯುತ್ತದೆ, ಮತ್ತೆ ತನ್ನೊಳಗೇ ಎಳೆದುಕೊಳ್ಳುತ್ತದೆ. ಬಲೆಗೆ ಬೇರೆ ನೂಲಿಲ್ಲ. 17ನೆಯ ಶತಮಾನದಲ್ಲಿ ಡಚ್ ತತ್ವಜ್ಞಾನಿ ಸ್ಪಿನೋಜಾ ಕೂಡ ದೇವರು ಮತ್ತು ಪ್ರಕೃತಿ ಎರಡಲ್ಲ ಎಂದ. ತಾನು ನಂಬುವುದು ಸ್ಪಿನೋಜಾನ ದೇವರನ್ನು ಎಂದು 1929ರಲ್ಲಿ ಐನ್‌ಸ್ಟೈನ್ ಹೇಳಿದರು.

ಬುದ್ಧಿ ಇದನ್ನು ಒಪ್ಪುತ್ತದೆ. ಆದರೆ ಅಮ್ಮನಿಗೆ ಉಸಿರು ಕಟ್ಟಿದ ರಾತ್ರಿ ನಾನು ಕೈಮುಗಿದು ಕರೆದದ್ದು ಪ್ರಕೃತಿಯ ನಿಯಮವನ್ನಲ್ಲ, ಕೇಳಿಸಿಕೊಳ್ಳುವ ಯಾರನ್ನೋ. ಆ ಕರೆ ಸುಳ್ಳೆಂದು ಇವತ್ತಿಗೂ ನನಗೆ ಅನ್ನಿಸಿಲ್ಲ.