ತಂಗಿಯ ಬಾಣಂತನದ ದಾಸ್ತಾನು: ಲಂಗೋಟಿ, ಡೈಪರ್, ವೈಪ್ಸ್

ದೀಪಾವಳಿ ಮುಗಿದ ವಾರ

ತಂಗಿಗೆ ಸಂಕ್ರಾಂತಿ ಆಸುಪಾಸಿಗೆ ಡೇಟ್ ಕೊಟ್ಟಿದ್ದಾರೆ. ಚೊಚ್ಚಲ ಹೆರಿಗೆ. ಹಾಗಾಗಿ ಬಾಣಂತನ ತವರಿನಲ್ಲಿ, ದಾವಣಗೆರೆಯ ನಿಟುವಳ್ಳಿಯಲ್ಲಿ. ನನ್ನ ಮನೆಯೂ ಅಲ್ಲೇ, ಎರಡು ಬೀದಿ ಆಚೆ. ಊಟ, ಎಣ್ಣೆ ನೀರು, ಖಾರದ ಪುಡಿ ಎಲ್ಲ ಅಮ್ಮನ ಖಾತೆ. ಕೂಸಿನ ಸೊಂಟದ ಕೆಳಗಿನ ಖಾತೆ ನನ್ನದು. ಲಂಗೋಟಿ, ಡೈಪರ್, ವೈಪ್ಸ್. ಮನೆಯಲ್ಲಿ ಹೊಲಿಗೆ ಮಷಿನ್ ಇದೆ, ಸುಮ್ನೆ ಕೂತರೆ ನನಗೆ ಕೈ ತುರಿಸುತ್ತದೆ. ನಾನೇ ಕೇಳಿ ವಹಿಸಿಕೊಂಡ ಕೆಲಸ ಇದು. ಆದದ್ದು ಆದ ಹಾಗೆ ಬರೆದಿಡುತ್ತೇನೆ.

ಶುರುವಿನಲ್ಲೇ ಅಜ್ಜಿ ಅಡ್ಡ ಬಂದಳು. "ಕೂಸು ಭೂಮಿಗೆ ಬರೋಕೆ ಮುಂಚೆ ಹೊಸದು ಏನೂ ಮನಿಗೆ ತರಬಾರ್ದು. ಪ್ಯಾಟೆ ಏನು ಓಡಿ ಹೋಗ್ತೈತಾ?" ಪೇಟೆ ಓಡಿ ಹೋಗಲ್ಲ, ನಿಜ. ಆದರೆ ನೋವು ನಡುರಾತ್ರಿ ಬಂದರೆ ಮಂಡಿಪೇಟೆ ತೆರೆದಿರಲ್ಲ, ಅಲ್ವಾ? ಕೊನೆಗೆ ಒಪ್ಪಂದ ಹೀಗಾಯಿತು. ಹಳೆ ಬಟ್ಟೆ ಹೊಸದಲ್ಲ, ಅದರಲ್ಲಿ ಏನು ಬೇಕಾದರೂ ಹೊಲಿಯಬಹುದು. ಹುಟ್ಟಿದ ಕೂಸಿಗೆ ಮೊದಲು ಸುತ್ತುವುದೂ ಹಳೆ ಬಟ್ಟೆಯನ್ನೇ. ಅಂಗಡಿಯದ್ದು ಏನಿದ್ದರೂ ನನ್ನ ಮನೆ ಬೀರುವಿನಲ್ಲಿ ಇರಬೇಕು, ತವರಿನ ಹೊಸ್ತಿಲು ದಾಟಬಾರದು. ನನಗೆ ಅನುಕೂಲವೇ ಆಯಿತು. ನನ್ನ ಬೀರುವಿನಲ್ಲಿ ಜಾಗ ಕಡಿಮೆ. ಜಾಸ್ತಿ ತಂದು ಗುಡ್ಡೆ ಹಾಕುವ ಆಸೆಗೆ ಅಲ್ಲೇ ಕಡಿವಾಣ.

ಲೆಕ್ಕ ಹಾಕಿದ್ದು

ಹುಟ್ಟಿದ ಹೊಸತರಲ್ಲಿ ದಿನಕ್ಕೆ 8ರಿಂದ 12 ಸಲ ಬದಲಾಯಿಸಬೇಕಾಗುತ್ತದೆ. ಪೂರ್ತಿ ಡೈಪರ್ ಮೇಲೇ ನಡೆಸಿದರೆ ಮೊದಲ ತಿಂಗಳಿಗೇ 300ರ ಹತ್ತಿರ. ಇದನ್ನು ಕೇಳಿದ್ದೇ ತಡ, ತಂಗಿ ಗಂಡ ಬೆಂಗಳೂರಿನಲ್ಲಿ ಕೂತು ಆನ್‌ಲೈನ್‌ನಲ್ಲಿ ನ್ಯೂಬಾರ್ನ್ ಸೈಜಿನ ದೊಡ್ಡ ಬಾಕ್ಸುಗಳನ್ನು ಬುಕ್ ಮಾಡಲು ಹೊರಟ. ತಡಿಯಪ್ಪಾ ಅಂದೆ.

ನ್ಯೂಬಾರ್ನ್ ಅಂದರೆ ಸಾಮಾನ್ಯವಾಗಿ 5 ಕೆಜಿವರೆಗೆ. ಎಸ್ ಸೈಜ್ 4ರಿಂದ 8 ಕೆಜಿ, ಎಂ ಸೈಜ್ 7ರಿಂದ 12 ಕೆಜಿ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ ಇರುತ್ತದೆ, ಪ್ಯಾಕಿನ ಮೇಲೆ ಬರೆದಿರುತ್ತಾರೆ. ನಮ್ಮ ಕಡೆ ಕೂಸುಗಳು ಹುಟ್ಟುವಾಗ ಎರಡೂವರೆಯಿಂದ ಮೂರೂವರೆ ಕೆಜಿ ಇರುವುದೇ ಜಾಸ್ತಿ. ಮೊದಲ ವಾರ ತೂಕ ಸ್ವಲ್ಪ ಇಳಿಯುತ್ತದೆ, ಎರಡು ವಾರದ ಹೊತ್ತಿಗೆ ಮತ್ತೆ ಹುಟ್ಟಿದ ತೂಕಕ್ಕೆ ಬರುತ್ತದೆ. ಅಲ್ಲಿಂದ ದಿನಕ್ಕೆ 20ರಿಂದ 30 ಗ್ರಾಂ ಏರುತ್ತಾ ಹೋಗುತ್ತದೆ. ಅಂದರೆ ಒಂದೂವರೆ ತಿಂಗಳಿಗೆ ಎಸ್ ಸೈಜ್ ಹಿಡಿಸಲು ಶುರು. ದಪ್ಪ ಕೂಸು ಹುಟ್ಟಿದರೆ ಇನ್ನೂ ಬೇಗ. ನನ್ನ ಓರಗಿತ್ತಿಯ ಮಗ ಸುಮಾರು ನಾಲ್ಕು ಕೆಜಿ ಇದ್ದ. ಆ ಮನೆಯಲ್ಲಿ ನ್ಯೂಬಾರ್ನ್ ಪ್ಯಾಕುಗಳು ಒಡೆಯದೇ ಕೂತು ಕೊನೆಗೆ ಯಾರ್ಯಾರಿಗೋ ಹೋದವು.

ಹಾಗಾಗಿ ನನ್ನ ಯೋಜನೆ ಇಷ್ಟು. ಹಗಲಿಗೆ ಬಟ್ಟೆ. ರಾತ್ರಿಗೆ, ಆಸ್ಪತ್ರೆಗೆ ಹೋಗಿಬರುವಾಗ, ಲಸಿಕೆಯ ದಿನ ಡೈಪರ್. ದಿನಕ್ಕೆ ಎರಡೋ ಮೂರೋ. ಆ ಲೆಕ್ಕಕ್ಕೆ ನ್ಯೂಬಾರ್ನ್ ಎರಡು ಮಧ್ಯಮ ಪ್ಯಾಕ್ ಧಾರಾಳ ಸಾಕು. ಎಸ್ ಸೈಜ್ ಸಣ್ಣದೊಂದು, ದಪ್ಪ ಕೂಸು ಬಂದರೆ ಇರಲಿ ಅಂತ. ಎಂ ಸೈಜ್ ಈಗ ಬೇಡವೇ ಬೇಡ.

ಸಂಕ್ರಾಂತಿಯ ಹೊತ್ತಿನ ಹೆರಿಗೆ ಆದದ್ದು ಒಂದು ಪುಣ್ಯ. ದಾವಣಗೆರೆಯ ಚಳಿಗಾಲದ ಬಿಸಿಲು, ಒಣಗಾಳಿ ಎರಡೂ ಲಂಗೋಟಿಗೆ ಹೇಳಿ ಮಾಡಿಸಿದಂಥವು. ಆಷಾಢದ ಜಿಟಿಜಿಟಿ ಮಳೆಯಲ್ಲಾಗಿದ್ದರೆ ಈ ಲೆಕ್ಕ ತಲೆಕೆಳಗಾಗುತ್ತಿತ್ತು.

ಚೌಕಿಪೇಟೆ, ಮೆಡಿಕಲ್ ಶಾಪು

ಅಂಗಡಿಯಿಂದ ತಂದದ್ದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ಯಾಕಿನ ಬೆಲೆ ನೋಡಬಾರದು, ಒಂದು ಡೈಪರಿಗೆ ಎಷ್ಟು ಬೀಳುತ್ತದೆ ಅಂತ ಭಾಗಿಸಿ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ಮಕ್ಕಳ ಡೈಪರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಅಂಗಡಿಯಲ್ಲಿ ಹಳೆ ಎಂಆರ್‌ಪಿ ಇದ್ದ ಪ್ಯಾಕುಗಳೂ ಕಂಡವು. ಕೇಳಿದ ಮೇಲೆ ಬಿಲ್ಲಿನಲ್ಲಿ ಇಳಿಸಿದರು. ಕೇಳಬೇಕು ಅಷ್ಟೇ.

ನ್ಯೂಬಾರ್ನ್‌ಗೆ ಪ್ಯಾಂಟ್ ತರಹದ್ದು ಬಿಟ್ಟು ಟೇಪ್ ಅಂಟಿಸುವಂಥದ್ದನ್ನೇ ತಂದೆ. ಹೊಕ್ಕುಳ ಬಳ್ಳಿ ಒಣಗಿ ಬೀಳಲು ಒಂದೆರಡು ವಾರ ಬೇಕು. ಅಲ್ಲಿವರೆಗೆ ಡೈಪರಿನ ಮುಂಭಾಗವನ್ನು ಹೊಕ್ಕುಳ ಕೆಳಗೆ ಮಡಚಬೇಕು. ಟೇಪಿನದ್ದರಲ್ಲಿ ಅದು ಸಲೀಸು. ಕೂಸನ್ನು ಮಲಗಿಸಿಕೊಂಡೇ ಬಿಚ್ಚಬಹುದು, ಹಾಕಬಹುದು.

ಒಂದು ಡೈಪರನ್ನು ಕತ್ತರಿಯಿಂದ ಸೀಳಿ ನೋಡಿದೆ. ಹೊಲಿಯುವವರ ಚಟ, ಒಳಗೇನಿದೆ ನೋಡದೇ ಇರಲಾಗದು. ಮೇಲೆ ತೆಳು ಪದರ, ನಡುವೆ ಹತ್ತಿಯಂಥ ತಿರುಳು, ಅದರ ತುಂಬಾ ಬಿಳಿ ಹರಳು. ಸೋಡಿಯಂ ಪಾಲಿಅಕ್ರಿಲೇಟ್ ಅಂತಾರೆ. ತಟ್ಟೆಗೆ ಉದುರಿಸಿ ಅರ್ಧ ಲೋಟ ನೀರು ಹಾಕಿದೆ. ನೋಡ್ತಾ ನೋಡ್ತಾ ಎಲ್ಲ ಸೇರಿ ಸಬ್ಬಕ್ಕಿ ಗಂಜಿಯ ಹಾಗೆ ಗಟ್ಟಿಯಾಯಿತು. ತಟ್ಟೆ ಬಗ್ಗಿಸಿದರೂ ನೀರು ಹರಿಯಲಿಲ್ಲ. ಅಜ್ಜಿ ಬೆರಳಿನಿಂದ ಒತ್ತಿ ನೋಡಿ, "ಹಂಗಾದ್ರೆ ಕೂಸು ಉಚ್ಚೆ ಹೊಯ್ದದ್ದು ಗೊತ್ತಾಗೋದು ಹೆಂಗೆ?" ಅಂದಳು. ಕೆಲವು ಡೈಪರಿಗೆ ಒಂದು ಹಳದಿ ಗೆರೆ ಇರುತ್ತದೆ, ಒದ್ದೆಯಾದರೆ ನೀಲಿಗೆ ತಿರುಗುತ್ತದೆ ಅಂತ ತೋರಿಸಿದೆ. ಆದರೆ ಒಂದು ಸಲವೋ ಮೂರು ಸಲವೋ ಅನ್ನುವುದನ್ನು ಗೆರೆ ಹೇಳುವುದಿಲ್ಲ. ಅಜ್ಜಿಯ ಪ್ರಶ್ನೆ ಸರಿಯಾಗಿಯೇ ಇತ್ತು.

ಪಂಚೆ ಹರಿದದ್ದು, ಹೊಲಿದದ್ದು

ನನಗೆ ಇಷ್ಟದ ಭಾಗ ಇದು. ಅಮ್ಮನ ಟ್ರಂಕಿನಿಂದ ಅಜ್ಜನ ಎಂಟು ಮೊಳದ ಪಂಚೆಗಳು, ಅಪ್ಪಾಜಿಯ ಪಂಚೆಗಳು, ಎರಡು ಹಳೆ ಕಾಟನ್ ಸೀರೆ ಹೊರಬಂದವು. ಅಜ್ಜ ಮಿಲ್ಲಿನಲ್ಲಿ ದುಡಿದವರು. ದಾವಣಗೆರೆಯನ್ನು ಈಗ ಬೆಣ್ಣೆ ದೋಸೆಯ ಊರು ಅನ್ನುತ್ತಾರೆ, ಆಗ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಅವರ ಜೊತೆ ಬಾಳಿದ ಅಜ್ಜಿಗೆ ಬಟ್ಟೆ ಮುಟ್ಟಿದರೆ ಸಾಕು, ಜಾತಕ ಹೇಳುತ್ತಾಳೆ. ಅಪ್ಪಾಜಿಯ ಒಂದು ಪಂಚೆಯನ್ನು ಪಕ್ಕಕ್ಕೆ ಎಸೆದು, "ಇದು ಟೆರಿಕಾಟ್, ಒರೆಸೋಕೂ ಬ್ಯಾಡ" ಅಂದಳು.

ನನಗೆ ಅಷ್ಟು ಕೈ ಪಳಗಿಲ್ಲ, ಹಾಗಾಗಿ ಪರೀಕ್ಷೆ ಮಾಡಿದೆ. ಬಟ್ಟೆ ಮೇಲೆ ಒಂದು ಹನಿ ನೀರು ಬಿಟ್ಟೆ. ಒಗೆದೊಗೆದು ಮೆತ್ತಗಾದ ಕಾಟನ್ ಹನಿಯನ್ನು ಆ ಕ್ಷಣವೇ ಕುಡಿದು ರೂಪಾಯಿ ಅಗಲದ ಕಲೆ ಮಾಡಿಕೊಂಡಿತು. ಟೆರಿಕಾಟ್ ಅಂದರೆ ಪಾಲಿಯೆಸ್ಟರ್ ಬೆರೆತ ಬಟ್ಟೆ. ಆ ಟೆರಿಕಾಟ್ ಪಂಚೆಯ ಮೇಲೆ ಹನಿ ಗುಂಡಗೆ ನಿಂತು ಮಿರಮಿರ ಅಂತಿತ್ತು. ಅಂಚಿನಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದೆ. ಕಾಟನ್ ಎಳೆ ಕಾಗದದಂತೆ ಉರಿದು ಬೂದಿಯಾಯಿತು. ಟೆರಿಕಾಟ್ ಎಳೆಯ ತುದಿ ಕರಗಿ ಕಪ್ಪಗೆ ಗಟ್ಟಿ ಗಂಟಾಯಿತು. ಉಚ್ಚೆ ಹೀರಲಾರದ ಬಟ್ಟೆ ಕೂಸಿಗೆ ಯಾಕೆ, ಅಲ್ವಾ?

ಎಂಟು ಮೊಳದ ಪಂಚೆ ಸುಮಾರು 144 ಇಂಚು ಉದ್ದ, 50 ಇಂಚು ಅಗಲ. ಬಣ್ಣದ ಅಂಚು ತೆಗೆದು 24 ಇಂಚಿನ ಚೌಕ ಕತ್ತರಿಸಿದರೆ ಲೆಕ್ಕಕ್ಕೆ 12 ಬರಬೇಕು. ನಡುವೆ ಸವೆದು ಜಾಳಾದ ಜಾಗ ಬಿಟ್ಟರೆ ಎಂಟೋ ಒಂಬತ್ತೋ ಸಿಕ್ಕುತ್ತವೆ. ಜಾಳು ತುಂಡುಗಳನ್ನು ಎಸೆಯಲಿಲ್ಲ. ಅವು ಒರೆಸುವ ಬಟ್ಟೆ ಆಗುತ್ತವೆ, ಅದನ್ನು ಮುಂದೆ ಹೇಳುತ್ತೇನೆ.

ಎರಡು ಬಗೆ ಮಾಡಿದೆ. ಒಂದು ಬರೀ ಚೌಕ. ಮೂಲೆಗೆ ಮೂಲೆ ಮಡಚಿ ತ್ರಿಕೋನ ಮಾಡಿ ಕಟ್ಟುವುದು. ಇನ್ನೊಂದು ಲಾಡಿ ಇರುವ ಲಂಗೋಟಿ, ನಡುವೆ ಮೂರು ಪದರ ಕೊಟ್ಟು ಹೊಲಿದದ್ದು. ಎಲಾಸ್ಟಿಕ್ ಹಾಕಲಿಲ್ಲ, ಎಳೆ ತೊಡೆಗೆ ಬರೆ ಬೀಳುತ್ತದೆ. ಲಾಡಿಯನ್ನು ಗಂಟು ಹಾಕಲು ಬೇಕಾದಷ್ಟೇ ಬಿಟ್ಟೆ. ಹೊಲಿಗೆಯ ದಪ್ಪ ಭಾಗ ಹೊರಗೆ ಬರುವಂತೆ ತಿರುಗಿಸಿದೆ. ಮುಖ್ಯವಾದದ್ದು ಇನ್ನೊಂದು. ಹೊಲಿದು ಮುಗಿದ ಮೇಲೆ ಪ್ರತಿಯೊಂದರ ದಾರದ ತುದಿಯನ್ನೂ ಬುಡಕ್ಕೆ ಕತ್ತರಿಸಬೇಕು. ಬಿಟ್ಟ ದಾರ ಕೂಸಿನ ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಟವೇ ನಿಲ್ಲುತ್ತದೆ. ಮೇಲ್ನೋಟಕ್ಕೆ ಕಾಣುವುದೂ ಇಲ್ಲ, ಕೂಸು ಸುಮ್ನೆ ಅಳುತ್ತಿರುತ್ತದೆ. ಕನ್ನಡಕ ಹಾಕಿಕೊಂಡು ಒಂದೊಂದನ್ನೂ ತಿರುವಿ ನೋಡಿದೆ.

ವೈಪ್ಸ್ ವಿಚಾರ

ವೈಪ್ಸ್ ಎರಡೇ ಪ್ಯಾಕ್ ತಂದೆ. ಅಂಗಡಿಯವರು ಮೂರರ ಕಾಂಬೊ ತೋರಿಸಿ ಎಷ್ಟು ಒತ್ತಾಯಿಸಿದರೂ ಬೇಡ ಅಂದೆ. ಮೊದಲ ಕೆಲವು ವಾರ ಮನೆಯಲ್ಲಿ ಉಗುರುಬೆಚ್ಚಗಿನ ನೀರು, ಹತ್ತಿ ಅಥವಾ ಮೆತ್ತನೆ ಬಟ್ಟೆಯೇ ಸಾಕು. ಅದಕ್ಕೇ ಆ ಜಾಳು ಪಂಚೆ ತುಂಡುಗಳು. ಅಂಗೈ ಅಗಲ ಕತ್ತರಿಸಿ, ಅಂಚಿಗೆ ಓವರ್‌ಲಾಕ್ ಹಾಕಿಸಿ, ಒಂದು ಡಬ್ಬದಲ್ಲಿ ಒಣದಾಗಿಯೇ ಇಟ್ಟಿದ್ದೇನೆ. ಪಕ್ಕದಲ್ಲಿ ಒಂದು ಥರ್ಮಾಸ್ ಫ್ಲಾಸ್ಕ್. ಮೊದಲೇ ಒದ್ದೆ ಮಾಡಿ ಡಬ್ಬದಲ್ಲಿ ಮುಚ್ಚಿಟ್ಟರೆ ಬೂಸಲು ಹಿಡಿಯುತ್ತದೆ.

ಪ್ಯಾಕಿನದ್ದು ಆಸ್ಪತ್ರೆಗೆ, ದಾರಿಗೆ. ಕೊಳ್ಳುವಾಗ ಪರಿಮಳ ಇಲ್ಲದ್ದು, ಆಲ್ಕೋಹಾಲ್ ಇಲ್ಲದ್ದು ಅಂತ ಬರೆದಿದೆಯಾ ನೋಡಿದೆ. ಒಡೆದ ಮೇಲೆ ಮುಚ್ಚಳ ಸರಿಯಾಗಿ ಒತ್ತದಿದ್ದರೆ ಮೇಲಿನ ಹಾಳೆಗಳು ಒಣಗುತ್ತವೆ. ತಲೆಕೆಳಗಾಗಿ ಇಟ್ಟರೆ ತೇವ ಮೇಲಿನ ಹಾಳೆಗೂ ಇಳಿದುಕೊಂಡಿರುತ್ತದೆ. ಮತ್ತೊಂದು, ಇವನ್ನು ಟಾಯ್ಲೆಟ್ಟಿಗೆ ಹಾಕುವಂತಿಲ್ಲ. ಕರಗುವುದಿಲ್ಲ, ಪೈಪ್ ಕಟ್ಟಿಕೊಳ್ಳುತ್ತದೆ.

ಪೌಡರ್ ಬಗ್ಗೆ ಅಮ್ಮನ ಜೊತೆ ಇನ್ನೂ ರಾಜಿಯಾಗಿಲ್ಲ. ಡಬ್ಬಿ ಬಡಿದರೆ ಹೊಗೆಯ ಹಾಗೆ ಏಳುವ ಪುಡಿ ಕೂಸಿನ ಶ್ವಾಸಕ್ಕೆ ಹೋಗುತ್ತದೆ, ಬೇಡ ಅಂತ ಡಾಕ್ಟರೂ ಹೇಳಿದ್ದಾರೆ. "ನೀವಿಬ್ಬರೂ ಪೌಡರಲ್ಲೇ ಬೆಳೆದೋರು" ಅನ್ನುತ್ತಾಳೆ ಅಮ್ಮ. ಕೆಂಪಗಾದರೆ ಹಚ್ಚಲು ಜಿಂಕ್ ಆಕ್ಸೈಡ್ ಇರುವ ಕ್ರೀಮ್ ಒಂದು ಟ್ಯೂಬ್ ತಂದಿಟ್ಟಿದ್ದೇನೆ.

ಡಿಸೆಂಬರ್

ತಂಗಿ ಬಂದಳು. ಬೀರು ತೆರೆದು ತೋರಿಸಿದೆ, "ಇಷ್ಟೇನಾ?" ಅಂದಳು. ಲಂಗೋಟಿ ಬುಟ್ಟಿ ನೋಡಿದ ಮೇಲೆ ಸುಮ್ಮನಾದಳು.

ಎಲ್ಲವನ್ನೂ ಒಗೆದು ಒಣಗಿಸಿದ್ದು ಈ ತಿಂಗಳ ಕೆಲಸ. ಬೋರ್ ನೀರಲ್ಲಿ ಒಗೆದರೆ ಬಟ್ಟೆ ಹಪ್ಪಳವಾಗುತ್ತದೆ. ಗಡಸು ನೀರು, ನೊರೆಯೇ ಬರಲ್ಲ. ಹಾಗಾಗಿ ನಲ್ಲಿ ನೀರು ಬಿಟ್ಟ ದಿನ ಡ್ರಮ್ ತುಂಬಿಸಿಟ್ಟು ಅದರಲ್ಲೇ ಜಾಲಿಸಿದೆ. ಪರಿಮಳದ ಕಂಡೀಷನರ್ ಹಾಕಲಿಲ್ಲ. ಅದು ಬಟ್ಟೆಯ ಹೀರುವ ಗುಣವನ್ನೇ ತಿನ್ನುತ್ತದೆ. ತಾರಸಿಯ ಬಿಸಿಲಲ್ಲಿ ಮಧ್ಯಾಹ್ನದೊಳಗೆ ಗರಿಗರಿ ಒಣಗಿದವು. ಹೊತ್ತು ಮುಳುಗಿದ ಮೇಲೆ ಕೂಸಿನ ಬಟ್ಟೆ ಹೊರಗೆ ಬಿಡಬಾರದು ಅಂತ ಅಜ್ಜಿ ಈಗಿನಿಂದಲೇ ಕಾವಲು.

ಇನ್ನೊಂದು ದಾಸ್ತಾನು ಯಾರ ಪಟ್ಟಿಯಲ್ಲೂ ಇರಲಿಲ್ಲ. ರದ್ದಿ ಪೇಪರ್. ಬಳಸಿದ ಡೈಪರನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡಬೇಕು, ಹಸಿ ಕಸಕ್ಕೆ ಸೇರಿಸುವಂತಿಲ್ಲ. ಕಸದ ಗಾಡಿಯವರು ಕೈಯಿಂದ ಬೇರ್ಪಡಿಸುವುದನ್ನು ದಿನಾ ನೋಡುತ್ತೇವಲ್ಲ. ಅಮ್ಮನಿಗೆ ಹೇಳಿ ಮೂರು ತಿಂಗಳ ಪೇಪರನ್ನು ರದ್ದಿಯವನಿಗೆ ಹಾಕದಂತೆ ತಡೆದಿದ್ದೇನೆ.

ಆಸ್ಪತ್ರೆ ಬ್ಯಾಗಿಗೆ ಹೋದದ್ದು: ಹತ್ತು ನ್ಯೂಬಾರ್ನ್ ಡೈಪರ್, ಒಂದು ವೈಪ್ಸ್ ಪ್ಯಾಕ್, ಅತೀ ಹಳೆಯ ಚೌಕಗಳು, ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ, ಒದ್ದೆ ಬಟ್ಟೆ ತುಂಬಲು ಎರಡು ಪ್ಲಾಸ್ಟಿಕ್ ಕವರ್.

ಜನವರಿ

ಹೆಣ್ಣು ಕೂಸು. 2.9 ಕೆಜಿ. ತಾಯಿ ಮಗು ಇಬ್ಬರೂ ಆರಾಮ. ನಾನು ದೊಡ್ಡಮ್ಮ ಆದೆ.

ಮೊದಲೆರಡು ದಿನದ ಕಕ್ಕ ಡಾಂಬರಿನ ಬಣ್ಣ, ಡಾಂಬರಿನಷ್ಟೇ ಅಂಟು. ಕುಂಡೆಗೆ ಮೊದಲೇ ಕೊಬ್ಬರಿ ಎಣ್ಣೆ ಸವರಿದ್ದರಿಂದ ಒಂದೇ ಒರೆಸಿಗೆ ಬಂತು. ಆ ಕಲೆ ಬಟ್ಟೆಯಿಂದ ಹೋಗುವುದು ಕಷ್ಟ. ಅತೀ ಹಳೆಯ ತುಂಡುಗಳನ್ನು ಆಸ್ಪತ್ರೆಗೆ ಒಯ್ದದ್ದು ಅದಕ್ಕೇ, ಒಗೆಯುವ ಗೋಜಿಗೆ ಹೋಗದೆ ಎಸೆದೆವು.

ಮನೆಗೆ ಬಂದ ಮೇಲೆ ಹಗಲು ಬಟ್ಟೆಯೇ. ಹಾಲು ಸಾಲುತ್ತಿದೆಯಾ ಅಂತ ತಿಳಿಯಲು ಎಷ್ಟು ಸಲ ಉಚ್ಚೆ ಮಾಡುತ್ತದೆ ಎಣಿಸಿ ಅಂದಿದ್ದರು ಡಾಕ್ಟರ್. ಐದನೇ ದಿನದ ನಂತರ 24 ಗಂಟೆಗೆ ಆರಾದರೂ ಆಗಬೇಕು. ಲಂಗೋಟಿಯಲ್ಲಿ ಎಣಿಸುವುದು ಎಷ್ಟು ಸುಲಭ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಅಮ್ಮ ಗೆರೆ ಹಾಕುತ್ತಿದ್ದಾಳೆ. ಅಪ್ಪಾಜಿ ಬಂದವರಿಗೆಲ್ಲ ಅದನ್ನು ತೋರಿಸುತ್ತಾರೆ, ಕ್ರಿಕೆಟ್ ಸ್ಕೋರ್ ಕೆಟ್ಟುಹೋಯಿತು.

ರಾತ್ರಿ ಡೈಪರ್ ಹಾಕುವುದಕ್ಕೆ ಅಜ್ಜಿ ಎರಡು ದಿನ ಗೊಣಗಿದಳು. ಆಮೇಲೆ ಚಳಿಯಲ್ಲಿ ಒದ್ದೆ ಬಟ್ಟೆಗೆ ಕೂಸು ಬೆಚ್ಚಿ ಏಳುವುದು ತಪ್ಪಿತು ಅಂತ ಅವಳೇ ಒಪ್ಪಿದಳು. ರಾತ್ರಿಯೂ ಹಾಲು ಕುಡಿಸಲು ಎದ್ದಾಗಲೆಲ್ಲ ನೋಡಿ ಬದಲಾಯಿಸುತ್ತೇವೆ, ಬೆಳಗಿನವರೆಗೆ ಒಂದರಲ್ಲೇ ಬಿಡುವುದಿಲ್ಲ. ಇಲ್ಲಿವರೆಗೆ ಚರ್ಮ ಕೆಂಪಾಗಿಲ್ಲ, ಕ್ರೀಮ್ ಟ್ಯೂಬ್ ಒಡೆದಿಲ್ಲ.

ಸದ್ಯದ ದಾಸ್ತಾನು: ನ್ಯೂಬಾರ್ನ್ ಒಂದು ಪ್ಯಾಕ್ ಮುಗಿದು ಎರಡನೆಯದು ಒಡೆದಿದೆ. ಎಸ್ ಸೈಜ್ ಹಾಗೇ ಇದೆ. ವೈಪ್ಸ್ ಒಂದೂವರೆ ಪ್ಯಾಕ್ ಉಳಿದಿದೆ. ಲಂಗೋಟಿಯೇ ಕಡಿಮೆ ಬೀಳುವ ಹಾಗಿದೆ, ಯಾಕೆಂದರೆ ಎಲ್ಲರಿಗೂ ಲಾಡಿಯದ್ದೇ ಬೇಕು, ಚೌಕ ಕಟ್ಟುವ ಕೈ ಅಜ್ಜಿಯದ್ದು ಮಾತ್ರ.

ಮುಂದಿನ ವಾರ ತೊಟ್ಟಿಲ ಶಾಸ್ತ್ರ. ಏನು ತರಲಿ ಅಂತ ಫೋನ್ ಮಾಡಿದವರಿಗೆಲ್ಲ ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಆಟದ ಸಾಮಾನು ಬೇಡ, ಫ್ರಾಕ್ ಬೇಡ, ಎಂ ಸೈಜಿನ ಒಂದು ಪ್ಯಾಕ್ ತನ್ನಿ, ಇಲ್ಲ ಅಂದರೆ ಮನೆಯಲ್ಲಿ ಸವೆದ ಕಾಟನ್ ಪಂಚೆ ಇದ್ದರೆ ಕೊಡಿ. ಪಂಚೆಗೆ ಈಗಾಗಲೇ ಎರಡು ಮನೆಯವರು ಹೂಂ ಅಂದಿದ್ದಾರೆ. ಟೆರಿಕಾಟ್ ಅಲ್ಲ ತಾನೇ ಅಂತ ಕೇಳಿಕೊಂಡಿದ್ದೇನೆ.