765 ಕಿಲೋಹರ್ಟ್ಸ್‌ನಲ್ಲಿ ಧಾರವಾಡ

ಬೆಂಗಳೂರು, 15 ಡಿಸೆಂಬರ್ 2019, ಭಾನುವಾರ

ಧಾರವಾಡ ಆಕಾಶವಾಣಿಯನ್ನು ಮತ್ತೆ ಕೇಳಬೇಕೆಂಬುದು ಅವ್ವನ ಬಹುದಿನದ ಆಸೆ. ಹಗಲಿನಲ್ಲಿ ಅದು ಇಷ್ಟು ದೂರ ಬರುವುದು ಕಷ್ಟ. ಕತ್ತಲಾದ ಮೇಲೆ ಅಯಾನುಗೋಳದಿಂದ (ವಾತಾವರಣದ ಮೇಲ್ಭಾಗದ ವಿದ್ಯುತ್ಕಣಗಳ ಪದರದಿಂದ) ಪ್ರತಿಫಲಿಸಿದ ಮಧ್ಯಮ ತರಂಗ ಇಲ್ಲಿಗೆ ತಲುಪುತ್ತದೆಯಾದರೂ, ಒಂದು ತಿಂಗಳಿಂದ ಆ ನಿಲಯದ ಕಂಪನಾಂಕವಾದ 765 ಕಿಲೋಹರ್ಟ್ಸ್‌ನಲ್ಲಿ ಜೀರುಂಡೆಯಂಥ ಸದ್ದಿನ ಹೊರತು ಬೇರೇನೂ ಕೇಳಿಸುತ್ತಿರಲಿಲ್ಲ. ಕಳೆದ ವಾರ ಮಹಡಿಯ ಮೇಲೆ ಉದ್ದನೆಯ ತಂತಿ ಕಟ್ಟಿದ್ದೆ. ನಿಲಯದ ಜೊತೆಗೆ ಸದ್ದೂ ಅಷ್ಟೇ ಏರಿತು.

ಇಂದು ಸಂಜೆ ರೇಡಿಯೋವನ್ನು ಸೆಲ್ಲಿನ ಮೇಲೆ ನಡೆಸುತ್ತ ಮನೆಯ ಮೇನ್ ಸ್ವಿಚ್ ಆರಿಸಿದೆ. ಸದ್ದು ಅರ್ಧಕ್ಕಿಂತ ಹೆಚ್ಚು ಇಳಿಯಿತು. ಬಳಿಕ ಒಂದೊಂದನ್ನೇ ಹಚ್ಚುತ್ತ ಹೋದಾಗ ಅಡುಗೆಮನೆಯ ಎಲ್‌ಇಡಿ ಬಲ್ಬು ಮತ್ತು ವೈಫೈ ಪೆಟ್ಟಿಗೆಯ ಅಡಾಪ್ಟರ್ ಸಿಕ್ಕಿಬಿದ್ದವು. ಇವುಗಳೊಳಗಿನ ಮಂಡಲ ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಜೋಡಿಸುತ್ತದೆ; ಅದರಿಂದ ಹುಟ್ಟುವ ಗುಣಕ ಕಂಪನಾಂಕಗಳು (ಆ ಸಂಖ್ಯೆಯ ಎರಡು, ಮೂರು, ನಾಲ್ಕು ಪಟ್ಟು ಹೀಗೆ) ಮಧ್ಯಮ ತರಂಗದ ಉದ್ದಕ್ಕೂ ಹರಡುತ್ತವೆ, ಗೋಡೆಯೊಳಗಿನ ವೈರೇ ಅವುಗಳಿಗೆ ಆಂಟೆನಾ ಆಗುತ್ತದೆ. ಬಲ್ಬನ್ನು ಬದಲಿಸಿದೆ. ಅಡಾಪ್ಟರಿನ ವೈರನ್ನು, ಇಂಥ ಸದ್ದನ್ನು ತಡೆಯುವ ಫೆರೈಟ್ ಎಂಬ ಕಾಂತೀಯ ವಸ್ತುವಿನ ಉಂಗುರದೊಳಗೆ ಎಂಟು ಸುತ್ತು ಸುತ್ತಿದೆ. ಸುತ್ತು ಇಮ್ಮಡಿಯಾದರೆ ತಡೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುವುದರಿಂದ, ಈ ಕಂಪನಾಂಕಗಳಲ್ಲಿ ಒಂದು ಸುತ್ತಿನಿಂದ ಪ್ರಯೋಜನ ಕಡಿಮೆ.

ಉಳಿದದ್ದು ಪಕ್ಕದ ಮನೆಗಳ ಕಡೆಯಿಂದ ಬರುವ ಸದ್ದು; ಅಲ್ಲಿ ಸ್ವಿಚ್ ನಮ್ಮ ಕೈಯಲ್ಲಿಲ್ಲ. ಇದಕ್ಕಾಗಿ 60 ಸೆಂಟಿಮೀಟರ್ ಬದಿಯ ಮರದ ಚೌಕಟ್ಟಿಗೆ 12 ಸುತ್ತು ತಂತಿ ಸುತ್ತಿ, ಹಳೆಯ ರೇಡಿಯೋದಲ್ಲಿ ನಿಲಯ ಹೊಂದಿಸಲು ತಿರುಗಿಸುವ ಗ್ಯಾಂಗ್ ಕಂಡೆನ್ಸರ್ ಜೋಡಿಸಿ, ರೇಡಿಯೋದ ಪಕ್ಕದಲ್ಲಿಟ್ಟೆ. ಇವೆರಡರ ನಡುವೆ ಯಾವ ವೈರೂ ಬೇಡ. ಸುರುಳಿಯ ಕಾಂತಕ್ಷೇತ್ರವೇ ರೇಡಿಯೋದ ಫೆರೈಟ್ ಕಡ್ಡಿಗೆ ಸಂಕೇತವನ್ನು ದಾಟಿಸುತ್ತದೆ. 765ಕ್ಕೆ ಹೊಂದಿಸಿದಾಗ, ನಗರದ್ದೇ ಆದ 612ರ ಪ್ರಬಲ ನಿಲಯದ ಒತ್ತಡವೂ ತಗ್ಗಿತು.

ಇಷ್ಟು ವರ್ಷ ನಾನು ರೇಡಿಯೋವನ್ನು ನಿಲಯ ಜೋರಾಗಿ ಕೇಳುವ ದಿಕ್ಕಿಗೆ ತಿರುಗಿಸುತ್ತಿದ್ದೆ. ಅದು ತಪ್ಪು ಎಂದು ಇಂದು ಮನದಟ್ಟಾಯಿತು. ಸುರುಳಿ ಹೆಚ್ಚು ಹಿಡಿಯುವ ದಿಕ್ಕು ಬಹಳ ಅಗಲ, ಹಿಡಿಯದ ದಿಕ್ಕು ತೀರ ಕಿರಿದು. ಆದ್ದರಿಂದ ನಿಲಯವನ್ನು ಹುಡುಕುವುದಕ್ಕಿಂತ ಸದ್ದು ಅಡಗುವ ಕೋನವನ್ನು ಹುಡುಕಬೇಕು. ಚೌಕಟ್ಟನ್ನು ಬೆರಳಷ್ಟೇ ಸರಿಸಿದಾಗ ಗುಂಯ್‌ಗುಡುವುದು ಹಿಂದೆ ಸರಿದು ಮಾತು ಸ್ಪಷ್ಟವಾಯಿತು. ಅವ್ವ ಸೀರೆಯ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು, "ಇದs ನೋಡು ನಮ್ಮ ಸ್ಟೇಶನ್ನು" ಎಂದು ಕುರ್ಚಿ ಎಳೆದುಕೊಂಡು ಕುಳಿತಳು. ಚೌಕಟ್ಟು ಅಲುಗದಂತೆ ಮೇಜಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದಿಟ್ಟಿದ್ದೇನೆ.